ಹೊಸ ಮೆಕ್ಯಾನಿಕ್‌ಗೆ ಎಷ್ಟು ಸಾಕೆಟ್ ಬೇಕು?

ನಮ್ಮ ಗ್ಯಾರೇಜು ಬೆಳಗಾವಿಯ ಉದ್ಯಮಬಾಗದ ಹತ್ತಿರ ಇದೆ. ಕೆಲಸ ಕಲಿಯಲು ಬರುವ ಹುಡುಗರು ಹೆಚ್ಚಾಗಿ ಖಾನಾಪುರ, ಬೈಲಹೊಂಗಲ ಕಡೆಯವರು, ಐಟಿಐ ಮುಗಿಸಿದವರು. ಮೊದಲ ಪಗಾರ ಕೈಗೆ ಬಂದ ಕೂಡಲೇ ಎಲ್ಲರಿಗೂ ಸ್ವಂತ ಸಾಕೆಟ್ (ಬೋಲ್ಟು, ನಟ್ಟಿನ ತಲೆಗೆ ಟೋಪಿಯ ಹಾಗೆ ಕೂರಿಸಿ ತಿರುಗಿಸುವ ಸಾಧನ) ಸೆಟ್ ತಗೊಳ್ಳುವ ಆಸೆ. ಆಸೆ ಒಳ್ಳೆಯದೇ. ಆದರೆ ಮೊಬೈಲ್ ಹಿಡಿದು ತೋರಿಸುವುದು ನೂರೆಂಟು ಪೀಸಿನ ದೊಡ್ಡ ಪೆಟ್ಟಿಗೆ. "ಅಣ್ಣಾರ, ಇದನ್ನ ತಗೊಳ್ಳಲೇನ್ರಿ? ಆಫರ್ ಐತಿ" ಅನ್ನುತ್ತಾರೆ. "ತಡಿಯೋ, ಅದರಾಗ ಅರ್ಧಕ್ಕರ್ಧ ನೀ ಮುಟ್ಟೂದೇ ಇಲ್ಲ" ಅನ್ನುತ್ತೇನೆ ನಾನು.

ಕಾರಿನ ಕೆಲಸಕ್ಕೆ ದಿನಾ ಬೇಕಾಗುವ ಸೈಜು ಬೆರಳೆಣಿಕೆಯಷ್ಟೇ. ಸೈಜು ಅಂದರೆ ಬೋಲ್ಟಿನ ತಲೆಯ ಎದುರುಬದುರು ಪಕ್ಕಗಳ ನಡುವಿನ ಅಗಲ, ಮಿಲಿಮೀಟರಿನಲ್ಲಿ. 8, 10, 12, 13, 14, 17, 19. ಚಕ್ರದ ಕೆಲಸಕ್ಕೆ 21 ಸೇರಿಸಿ. ಇಷ್ಟನ್ನು ಒಳ್ಳೆಯ ಗುಣಮಟ್ಟದ್ದು ತಗೊಂಡರೆ ನಮ್ಮಲ್ಲಿಗೆ ಬರುವ ಗಾಡಿಗಳಲ್ಲಿ ಬಹುಪಾಲು ಕೆಲಸ ನಡೆಯುತ್ತದೆ. 9, 11, 20 ಇವೆಲ್ಲ ಪೆಟ್ಟಿಗೆ ತುಂಬಿಸಲು ಇರುತ್ತವೆ ಅಂತಲೇ ನನ್ನ ಅಭಿಪ್ರಾಯ.

ಇದನ್ನು ನಾನು ಅಂದಾಜಿನ ಮೇಲೆ ಹೇಳುತ್ತಿಲ್ಲ. ಖಂಡೇ ಪೂಜೆಯ (ಆಯುಧ ಪೂಜೆ) ಹಿಂದಿನ ದಿನ ಗ್ಯಾರೇಜಿನ ಎಲ್ಲಾ ಪಾನಾ, ಸಾಕೆಟ್, ರಾಚೆಟ್ (ಸಾಕೆಟ್ ಸಿಕ್ಕಿಸಿ ತಿರುಗಿಸುವ ಹಿಡಿ) ಡೀಸೆಲ್‌ನಲ್ಲಿ ತೊಳೆದು, ಒರೆಸಿ, ಬಟ್ಟೆಯ ಮೇಲೆ ಸಾಲಾಗಿ ಇಡುತ್ತೇವೆ. ಆಗ ನೋಡಬೇಕು. 10 ಮತ್ತು 12ರ ಬಾಯಿಯ ಅಂಚು ಸವೆದು ಹೊಳಪು ಹೋಗಿರುತ್ತದೆ. 14, 17ರ ಮೇಲೆ ಬರೆದ ಅಂಕಿ ಅರ್ಧ ಅಳಿಸಿರುತ್ತದೆ. 19ರ ಮೈತುಂಬಾ ಗೀರು. ಅದೇ ಸಾಲಿನಲ್ಲಿ 11 ಮತ್ತು 20 ಮಾತ್ರ ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಮಿಂಚುತ್ತವೆ. ಯಾವ ಸೈಜು ಜಾಸ್ತಿ ಬಳಕೆ ಆಗುತ್ತದೆ ಅಂತ ಕೇಳುವ ಹುಡುಗರಿಗೆ ಆ ಸಾಲನ್ನೇ ತೋರಿಸುತ್ತೇನೆ.

ಯಾಕೆ ಇವೇ ಸೈಜು? ಇದು ತಿಳಿದರೆ ಹೊಸ ಗಾಡಿ ಬಂದಾಗಲೂ ತಡಕಾಡುವುದು ತಪ್ಪುತ್ತದೆ. ಬೋಲ್ಟಿನ ಥ್ರೆಡ್ ಎಲ್ಲಾ ಕಂಪನಿಗಳಲ್ಲೂ ಹೆಚ್ಚುಕಡಿಮೆ ಒಂದೇ: ಎಂ6, ಎಂ8, ಎಂ10, ಎಂ12. ಎಂ6 ಅಂದರೆ ಥ್ರೆಡ್ ಇರುವ ಕಡ್ಡಿಯ ದಪ್ಪ 6 ಮಿಲಿಮೀಟರ್. ಬದಲಾಗುವುದು ತಲೆ. ಜಪಾನ್ ಪದ್ಧತಿಯ ಗಾಡಿಗಳಲ್ಲಿ ಎಂ6ಕ್ಕೆ 10ರ ತಲೆ, ಎಂ8ಕ್ಕೆ 12, ಎಂ10ಕ್ಕೆ 14, ಎಂ12ಕ್ಕೆ 17. ಮಾರುತಿ, ಟೊಯೊಟಾ, ಹೋಂಡಾ ಎಲ್ಲಾ ಹೀಗೇ. ಹ್ಯುಂಡೈ ಕೊರಿಯಾದ್ದಾದರೂ ಹೆಚ್ಚಾಗಿ ಇದೇ ಲೆಕ್ಕ. ಯೂರೋಪ್ ಕಡೆಯ ಪದ್ಧತಿಯಲ್ಲಿ ಎಂ8ಕ್ಕೆ 13ರ ತಲೆ ಬರುತ್ತದೆ. ಎಂ10ಕ್ಕೆ ಹಳೆಯದರಲ್ಲಿ 17, ಹೊಸದರಲ್ಲಿ 16 ಅಥವಾ 15. ಎಂ12ಕ್ಕೆ 19 ಇಲ್ಲವೇ 18. ಫೋಕ್ಸ್‌ವ್ಯಾಗನ್, ಸ್ಕೋಡಾ, ಫೋರ್ಡ್ ಈ ಗುಂಪಿನವು. ಟಾಟಾ, ಮಹೀಂದ್ರಾ ಗಾಡಿಗಳಲ್ಲೂ 13 ತುಂಬಾ ಸಿಗುತ್ತದೆ.

ಅಂದರೆ ನಿಮ್ಮ ಬಾಗಿಲಿಗೆ ಯಾವ ಗಾಡಿ ಬರುತ್ತದೆ ಅನ್ನುವುದರ ಮೇಲೆ ಸಾಕೆಟ್ ಆರಿಸಬೇಕು. ಬರೀ ಮಾರುತಿ, ಹ್ಯುಂಡೈ ಪೆಟ್ರೋಲ್ ಗಾಡಿ ನೋಡುವವನಿಗೆ 10, 12, 14, 17, 19, ಚಕ್ರಕ್ಕೆ 21 ಇದ್ದರೆ ಸಾಕು. ಬೊಲೆರೊ, ಟಾಟಾ ಏಸ್ ಜಾಸ್ತಿ ಬರುವ ಕಡೆ 13 ಇಲ್ಲದೆ ಬೆಳಗ್ಗಿನ ಮೊದಲ ಕೆಲಸವೂ ಮುಗಿಯುವುದಿಲ್ಲ.

ಎರಡೂ ಪದ್ಧತಿ ಒಂದೇ ಗಾಡಿಯಲ್ಲಿ ಸೇರಿರುವುದು ನೋಡಬೇಕಾದರೆ ಹಳೆಯ ಸ್ವಿಫ್ಟ್ ಡೀಸೆಲ್ ಬಾನೆಟ್ ಎತ್ತಿ. ಬಾಡಿ ಸುಜುಕಿದು. ಒಳಗಿನ 1.3 ಲೀಟರ್ ಎಂಜಿನ್ ಮೂಲದಲ್ಲಿ ಫಿಯಟ್ ಮಲ್ಟಿಜೆಟ್. ಸಸ್ಪೆನ್ಷನ್ ಕಡೆ ಕೈ ಹಾಕಿದರೆ 12, 14, 17. ಎಂಜಿನ್ ಕಡೆ ಬಂದರೆ 13. ಇಲ್ಲೇ ಹುಡುಗರು ಎಡವುತ್ತಾರೆ. 12ರ ತಲೆಗೆ 13 ಹಾಕಿದರೆ ಕೂತ ಹಾಗೇ ಅನಿಸುತ್ತದೆ, ಸ್ವಲ್ಪ ಆಟ ಇರುತ್ತದೆ ಅಷ್ಟೇ. ಬೋಲ್ಟ್ ಸಡಿಲ ಇದ್ದರೆ ತಿರುಗಿಬಿಡುತ್ತದೆ ಕೂಡ. ಗಟ್ಟಿ ಇದ್ದರೆ ಒಂದೇ ಎಳೆತಕ್ಕೆ ಆರೂ ಮೂಲೆ ಗುಂಡಗಾಗುತ್ತವೆ. ಅದಕ್ಕೇ ಸಾಕೆಟ್ ಹಾಕಿದ ಮೇಲೆ ರಾಚೆಟ್ ಎಳೆಯುವ ಮುಂಚೆ ಬರೀ ಬೆರಳಿಂದ ಅಲುಗಾಡಿಸಿ ನೋಡಿ ಅಂತ ಹೇಳುತ್ತೇನೆ. ಸರಿಯಾದ ಸೈಜು ಆದರೆ ಆಟ ಇರುವುದೇ ಇಲ್ಲ ಅನ್ನಬಹುದು. ಮಾರುತಿ 2020ರಲ್ಲಿ ಡೀಸೆಲ್ ನಿಲ್ಲಿಸಿತು, ಆದರೆ ಆ ಗಾಡಿಗಳು ನಮ್ಮ ರಸ್ತೆಯಲ್ಲಿ ಇನ್ನೂ ಬಹಳ ವರ್ಷ ಓಡುತ್ತವೆ. 13 ಬಿಡುವ ಹಾಗಿಲ್ಲ.

10ರ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಬ್ಯಾಟರಿ ಟರ್ಮಿನಲ್, ಏರ್ ಫಿಲ್ಟರ್ ಡಬ್ಬಿ, ಇಗ್ನಿಷನ್ ಕಾಯಿಲ್, ಸೆನ್ಸರ್, ಮಡ್‌ಗಾರ್ಡ್, ಬಂಪರ್ ಬ್ರಾಕೆಟ್, ಎಲ್ಲೆಲ್ಲೂ ಅದೇ. ಚಿಕ್ಕದಾಗಿರುವುದರಿಂದ ಕೈ ಜಾರಿ ಎಂಜಿನ್ ಕೆಳಗಿನ ಕವರ್ ಒಳಗೆ ಬೀಳುತ್ತದೆ, ಗಾಡಿ ಜೊತೆಗೇ ಹೊರಟುಹೋಗುತ್ತದೆ. ಆದ್ದರಿಂದ 10 ಎರಡಿರಲಿ: ಒಂದು ಗಿಡ್ಡ, ಒಂದು ಡೀಪ್ (ಉದ್ದನೆಯದು).

ಸೈಜಿನಷ್ಟೇ ಮುಖ್ಯ ಸಾಕೆಟ್‌ನ ಒಳಗಿನ ಆಕಾರ. ಕಡಿಮೆ ಬೆಲೆಯ ಸೆಟ್‌ಗಳಲ್ಲಿ ಹೆಚ್ಚಾಗಿ ಹನ್ನೆರಡು ಮೂಲೆಯದು ಬರುತ್ತದೆ. ತಲೆಯ ಮೇಲೆ ಬೇಗ ಕೂರುತ್ತದೆ ಅನ್ನುವುದು ನಿಜ. ಆದರೆ ಅದು ಬೋಲ್ಟಿನ ಮೂಲೆಯ ಹತ್ತಿರವೇ ಹಿಡಿಯುತ್ತದೆ. ಆರು ಮೂಲೆಯದು ಮೂಲೆ ಬಿಟ್ಟು ಸ್ವಲ್ಪ ಒಳಗೆ, ಪಕ್ಕದ ಮೇಲೆ ಒತ್ತುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಈ ವ್ಯತ್ಯಾಸವೇ ಎಲ್ಲಾ.

ನಮ್ಮ ಊರಲ್ಲಿ ಈ ತೊಂದರೆ ಜಾಸ್ತಿ. ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ತರಕಾರಿ, ಹಾಲು ಸಾಗಿಸುವ ಪಿಕಪ್‌ಗಳು ಬರುತ್ತವೆ. ಘಾಟಿನ ಮಳೆ, ಅಲ್ಲಿ ಇಳಿದ ಮೇಲೆ ಸಮುದ್ರದ ಉಪ್ಪು ಗಾಳಿ. ಸೈಲೆನ್ಸರ್ ಫ್ಲ್ಯಾಂಜಿನ ಬೋಲ್ಟ್ ನೋಡಿದರೆ ತಲೆ ಅನ್ನುವುದು ಕಂದು ಬಣ್ಣದ ಉಂಡೆ. ಮೊದಲು ವೈರ್ ಬ್ರಷ್ ಹಾಕಿ ಲೋಹ ಕಾಣುವ ತನಕ ಉಜ್ಜುತ್ತೇವೆ. ಆಮೇಲೆ ರಸ್ಟ್ ಸ್ಪ್ರೇ ಹೊಡೆದು, ತಲೆಗೆ ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟು, ಬೇರೆ ಕೆಲಸಕ್ಕೆ ಹೋಗುತ್ತೇವೆ. ಚಹಾ ಕುಡಿದು ಬಂದ ಮೇಲೆ ಆರು ಮೂಲೆಯ ಸಾಕೆಟ್ ಪೂರ್ತಿ ಕೂರುವ ಹಾಗೆ ಬಡಿದು ಕೂರಿಸಿ, ಮೊದಲು ಒಂದು ಚೂರು ಬಿಗಿ ಮಾಡಿ, ಆಮೇಲೆ ಬಿಚ್ಚುತ್ತೇವೆ. ಬಿಗಿ ಮಾಡಿದಾಗ ತುಕ್ಕು "ಟಿಕ್" ಅಂತ ಬಿಟ್ಟ ಸದ್ದು ಕೇಳಿದರೆ ಅರ್ಧ ಕೆಲಸ ಆಯಿತು. ಕೆಲವು ಸಲ ತುಕ್ಕು ತಿಂದು 14ರ ತಲೆ 13ರಷ್ಟೇ ಉಳಿದಿರುತ್ತದೆ. ಆಗ 13ನ್ನೇ ಬಡಿದು ಕೂರಿಸಬೇಕು. ಇದನ್ನು ಹನ್ನೆರಡು ಮೂಲೆಯದರಲ್ಲಿ ಮಾಡಲು ಹೋದರೆ ಬೋಲ್ಟ್ ಕಡಿಯುವುದೇ ಗತಿ, ಗ್ರೈಂಡರ್ ತರಬೇಕು.

ಇನ್ನು ಡ್ರೈವ್, ಅಂದರೆ ರಾಚೆಟ್ ಸಿಕ್ಕಿಸಲು ಸಾಕೆಟ್‌ನಲ್ಲಿರುವ ಚೌಕ ತೂತಿನ ಅಳತೆ. ನಮ್ಮ ಪೇಟೆಯಲ್ಲಿ ಅರ್ಧ ಇಂಚಿನ ಸೆಟ್ಟೇ ಸುಲಭವಾಗಿ ಸಿಗುತ್ತದೆ, ಎಲ್ಲರೂ ಅದನ್ನೇ ಕೊಳ್ಳುತ್ತಾರೆ. ಕಾರಿಗೆ ಮೊದಲು ತಗೊಳ್ಳಬೇಕಾದದ್ದು 3/8 ಇಂಚಿನದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಯಾಕೆ ಅಂದರೆ 10ರ ತಲೆಯ ಎಂ6 ಬೋಲ್ಟಿಗೆ ಬೇಕಾದ ಬಿಗಿ ಸುಮಾರು 10 ನ್ಯೂಟನ್ ಮೀಟರ್ ಮಾತ್ರ. ಅರ್ಧ ಇಂಚಿನ ರಾಚೆಟ್ 25 ಸೆಂಟಿಮೀಟರ್ ಉದ್ದ ಇದೆ ಅಂದುಕೊಳ್ಳಿ. ಅದರ ತುದಿಯಲ್ಲಿ ನಾಲ್ಕು ಕಿಲೋದಷ್ಟು ಒತ್ತಿದರೆ ಆ ಬಿಗಿ ಬಂದುಬಿಟ್ಟಿತು. ದಿನಾ ಚಕ್ರ ಬಿಚ್ಚುವ ಕೈಗೆ ನಾಲ್ಕು ಕಿಲೋ ಅಂದರೆ ಏನೂ ಅಲ್ಲ. ಟಪ್ ಅಂತ ಬೋಲ್ಟ್ ತುಂಡಾಗುತ್ತದೆ, ಅರ್ಧ ಭಾಗ ಅಲ್ಯೂಮಿನಿಯಂ ಒಳಗೇ ಉಳಿಯುತ್ತದೆ. ಆಮೇಲೆ ಡ್ರಿಲ್ ಮಾಡಿ ತೆಗೆಯುವ ಕಷ್ಟ ಯಾರಿಗೆ ಬೇಕು? ಎಂ8ಕ್ಕೆ ಸುಮಾರು 25 ನ್ಯೂಟನ್ ಮೀಟರ್ ಬೇಕು, ಅದಕ್ಕೂ 3/8 ಚೆನ್ನಾಗಿ ಒಗ್ಗುತ್ತದೆ. ಅರ್ಧ ಇಂಚಿನಲ್ಲಿ 17, 19, 21 ಮಾತ್ರ ತಗೊಳ್ಳಿ. ಡ್ಯಾಶ್‌ಬೋರ್ಡ್ ಒಳಗಿನ ಕೆಲಸಕ್ಕೆ ಕಾಲಿಂಚಿನದರಲ್ಲಿ 8 ಮತ್ತು 10 ಇದ್ದರೆ ಆಯಿತು.

ಚಕ್ರದ ನಟ್ಟು ಮಾರುತಿ, ಹೋಂಡಾಕ್ಕೆ 19. ಹ್ಯುಂಡೈ, ಟೊಯೊಟಾಕ್ಕೆ 21. ಪೋಲೊದಲ್ಲಿ ನಟ್ಟೇ ಇಲ್ಲ, 17ರ ಬೋಲ್ಟ್. ಏರ್ ಗನ್ ಹಾಕುವುದಾದರೆ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ಟೇ ಬೇಕು. ಹೊಳೆಯುವ ಕ್ರೋಮ್ ಸಾಕೆಟ್ ಕೈ ರಾಚೆಟ್‌ಗೆ ಮಾಡಿದ್ದು. ಗನ್ನಿನ ಹೊಡೆತಕ್ಕೆ ಬಿರುಕು ಬಿಟ್ಟು ಚೂರು ಹಾರಬಹುದು, ಕಣ್ಣಿಗೆ ಅಪಾಯ. ಅಲಾಯ್ ವ್ಹೀಲ್ ಇದ್ದರೆ ತೆಳು ಗೋಡೆಯದು ತಗೊಳ್ಳಿ, ಇಲ್ಲಾಂದ್ರೆ ನಟ್ಟಿನ ಸುತ್ತ ಗೀರು ಬಿದ್ದು ಮಾಲೀಕರ ಜೊತೆ ಜಗಳ.

ಸ್ಪಾರ್ಕ್ ಪ್ಲಗ್‌ಗೆ ಬೇರೆ ಸಾಕೆಟ್ ಬೇಕು. ಈಗಿನ ಹೆಚ್ಚಿನ ಗಾಡಿಗೆ 16. ತೀರಾ ಹಳೆಯದಕ್ಕೆ 21, ಕೆಲವು ಹೊಸದಕ್ಕೆ ತೆಳು ಗೋಡೆಯ 14. ಒಳಗೆ ರಬ್ಬರ್ ಅಥವಾ ಮ್ಯಾಗ್ನೆಟ್ ಇರುವುದನ್ನೇ ಕೇಳಿ. ಆಕ್ಸಲ್ ನಟ್ಟಿನ 30, 32 ಅಂಥವನ್ನು ಕೆಲಸ ಬಂದಾಗ ಬಿಡಿಯಾಗಿ ಕೊಂಡರೆ ಸಾಕು. ಇಂಚಿನ ಸೆಟ್ ಹಳೆ ಜೀಪ್ ನೋಡುವವರಿಗೆ ಬಿಟ್ಟರೆ ಬೇಕಾಗುವುದಿಲ್ಲ.

ಹುಡುಗರಿಗೆ ನಾನು ಹೇಳುವ ಕ್ರಮ ಇದು. ಮೊದಲ ತಿಂಗಳು 3/8ರ ಒಂದು ಒಳ್ಳೆಯ ರಾಚೆಟ್, ಒಂದು ಉದ್ದ, ಒಂದು ಗಿಡ್ಡ ಎಕ್ಸ್‌ಟೆನ್ಷನ್ (ರಾಚೆಟ್‌ಗೂ ಸಾಕೆಟ್‌ಗೂ ನಡುವೆ ಹಾಕುವ ಕಡ್ಡಿ), 10, 12, 13, 14, 17. ಎಲ್ಲಾ ಆರು ಮೂಲೆಯದು, ಬಿಡಿಬಿಡಿಯಾಗಿ. ಮುಂದಿನ ತಿಂಗಳು ಅರ್ಧ ಇಂಚಿನ ಬ್ರೇಕರ್ ಬಾರ್ (ಗಟ್ಟಿ ನಟ್ಟು ಸಡಿಲಿಸುವ ಉದ್ದ ಹಿಡಿ), ಜೊತೆಗೆ 17, 19, 21. ಅದಾದ ಮೇಲೆ ಡೀಪ್ ಸಾಕೆಟ್ಟು, 10, 12, 14ರಿಂದ ಶುರು. ಉದ್ದ ಸ್ಟಡ್ ಮೇಲಿನ ನಟ್ಟಿಗೆ ಗಿಡ್ಡ ಸಾಕೆಟ್ ಮುಟ್ಟುವುದೇ ಇಲ್ಲ. ಆಮೇಲೆ ದುಡ್ಡು ಉಳಿದರೆ 15, 16, 18, ಮತ್ತು ಹೊರಗಿನಿಂದ ಹಿಡಿಯುವ ಟಾರ್ಕ್ಸ್‌ನ ಇ8ರಿಂದ ಇ14ರ ತನಕ. ಹೂವಿನ ಆಕಾರದ ಆ ತಲೆ ಈಗ ಹೊಸ ಎಂಜಿನ್‌ಗಳಲ್ಲಿ ಹೆಚ್ಚುತ್ತಿದೆ, ಅದಕ್ಕೆ ಮಾಮೂಲಿ ಸಾಕೆಟ್ ಬಡಿದು ಕೂರಿಸುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಫೋರ್ಡ್ ಫಿಗೋ, ಇಕೋಸ್ಪೋರ್ಟ್ ಬರುವ ಗ್ಯಾರೇಜಾದರೆ 15 ಮತ್ತು 18ನ್ನು ಮಾತ್ರ ಮುಂದಕ್ಕೆ ಹಾಕಬೇಡಿ, ಮೊದಲ ತಿಂಗಳಿನ ಪಟ್ಟಿಯಲ್ಲೇ ಸೇರಿಸಿಕೊಳ್ಳಿ.