ಬರೆದವರು ಅವರು, ಕೆದಕಿದವರು ನಾವು

ಮೆಡಿಕಲ್ ಓದುವವರಿಗೆ ವಿಕಿಪೀಡಿಯ ಅಂದರೆ ಕದ್ದು ನೋಡುವ ಪುಟ. ಎಲ್ಲರೂ ನೋಡುತ್ತಾರೆ, ಯಾರೂ ಒಪ್ಪಿಕೊಳ್ಳುವುದಿಲ್ಲ. ಹಾಗಾಗಿ ಒಂದು ಎಲೆಕ್ಟಿವ್‌ನಲ್ಲಿ, ಅಂದರೆ ನಾವೇ ಆರಿಸಿಕೊಳ್ಳುವ ಕೋರ್ಸ್‌ನಲ್ಲಿ, ಮೇಡಂ, "ಇಂಗ್ಲಿಷ್ ವಿಕಿಪೀಡಿಯದ ಲೇಖನ ಒಂದನ್ನು ನೀವೇ ಸುಧಾರಿಸಿ" ಎಂದಾಗ ಅರ್ಧ ಕ್ಲಾಸ್ ನಕ್ಕಿತು. ಮೇಡಂ ನಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೆಡಿಕಲ್ ವಿದ್ಯಾರ್ಥಿಗಳು 2013ರಲ್ಲೇ ಇದನ್ನು ಕೋರ್ಸ್ ಆಗಿ ಮಾಡಿದ್ದರು ಎಂದು ಹೇಳಿ, ವಿಷಯ ಹಂಚಿದರು. ನಮಗೆ ಬಂದಿದ್ದು ಓಆರ್‌ಎಸ್, ಅಂದರೆ ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆಯ ದ್ರಾವಣ.

ಒಂದು ತಂಡ ಬರೆಯಬೇಕು, ಇನ್ನೊಂದು ತಂಡ ಪೀರ್ ರಿವ್ಯೂ ಮಾಡಬೇಕು. ನಾನು ಎರಡನೆಯದರಲ್ಲಿ ಇದ್ದೆ. ಬರೆಯುವವರಿಗೆ ನಮ್ಮ ಮೇಲೆ ಹೊಟ್ಟೆಕಿಚ್ಚು. "ನಿಮಗೇನು, ಸುಮ್ನೆ ಓದಿ ತಪ್ಪು ಹುಡುಕೋದು ತಾನೆ?"

ರಿವ್ಯೂ ದಿನ ಕರಡಿನ ಒಂದೊಂದೇ ಉಲ್ಲೇಖ ತೆರೆದು ನೋಡುತ್ತಾ ಕೂತೆವು. ಚಿಕಿತ್ಸೆಯ ಭಾಗ ಶುರುವಾಗಿದ್ದೇ ಒಂದು ಸಣ್ಣ ಪ್ರಯೋಗದ ಫಲಿತಾಂಶದಿಂದ. ವಿಕಿಪೀಡಿಯದ ವೈದ್ಯಕೀಯ ಲೇಖನಗಳಿಗೆ ಬೇರೆಯದೇ ಕಟ್ಟುನಿಟ್ಟು ಇದೆ. ಒಂಟಿ ಅಧ್ಯಯನವನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವಿಮರ್ಶಾ ಲೇಖನ ಬೇಕು, ಇಲ್ಲವೇ ದೊಡ್ಡ ಆರೋಗ್ಯ ಸಂಸ್ಥೆಗಳ ಮಾರ್ಗಸೂಚಿ ಅಥವಾ ಪಠ್ಯಪುಸ್ತಕ ಬೇಕು. ಅದೂ ಸಾಧ್ಯವಾದರೆ ಕಳೆದ 5 ವರ್ಷದ್ದು.

"ಪೇಪರ್ ಸರಿಯಾಗೇ ಇದೆಯಲ್ಲ ಮಾರಾಯ?" ಎಂದ ಅದನ್ನು ಬರೆದ ಗೆಳೆಯ.

"ಸರಿ ಇಲ್ಲ ಅಂತ ಯಾರು ಹೇಳಿದ್ರು? ಅದನ್ನ ಬೇರೆ ಸ್ಟಡಿಗಳ ಪಕ್ಕ ಇಟ್ಟು ನೋಡಿದವರು ಯಾರು ಅಂತ ಕೇಳ್ತಿದ್ದೀನಿ."

ಅವನು ಮುಖ ಊದಿಸಿಕೊಂಡ. ಪರೀಕ್ಷೆಯಲ್ಲಿ ನಮಗೆ ಗೊತ್ತಿರುವುದಕ್ಕೆ ಮಾರ್ಕ್ಸ್ ಸಿಗುತ್ತದೆ. ಇಲ್ಲಿ ನಮಗೆ ಗೊತ್ತಿರುವುದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಯಾರು ಹೇಳಿದ್ದಾರೆ ಅನ್ನುವುದಷ್ಟೇ ಲೆಕ್ಕ. ಬುದ್ಧಿವಂತ ವಿದ್ಯಾರ್ಥಿಗಳಿಗೇ ಇದು ಜಾಸ್ತಿ ಕಷ್ಟ ಎಂದು ನನ್ನ ಅನಿಸಿಕೆ.

ನಿಜವಾದ ತಲೆನೋವು ಬಂದಿದ್ದು ಸೋಡಿಯಂನಲ್ಲಿ. ಒಂದು ಕಡೆ ಲೀಟರಿಗೆ 75 ಮಿಲಿಮೋಲ್ ಎಂದಿತ್ತು. ನಾಲ್ಕು ಪ್ಯಾರಾ ಕೆಳಗೆ 90. ಎರಡಕ್ಕೂ ಉಲ್ಲೇಖ ಇತ್ತು, ಎರಡು ಪುಸ್ತಕಗಳಲ್ಲೂ ಹಾಗೇ ಇತ್ತು! 90 ಅನ್ನುವುದು ಓಆರ್‌ಎಸ್‌ನ ಹಳೇ ಸೂತ್ರದ್ದು. ಅದರ ಆಸ್ಮೊಲಾರಿಟಿ, ಅಂದರೆ ಕರಗಿದ ಕಣಗಳ ಸಾಂದ್ರತೆ, 311. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅದನ್ನು 245ಕ್ಕೆ ಇಳಿಸಿದವು. ಸೋಡಿಯಂ 75 ಆಯಿತು, ಗ್ಲೂಕೋಸ್ 111ರಿಂದ 75ಕ್ಕೆ ಬಂತು. ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಒಂದೇ ಬಾಗಿಲಿನಿಂದ ಜೊತೆಯಾಗಿ ಒಳಗೆ ಹೋಗುತ್ತವೆ, ನೀರು ಅವುಗಳ ಹಿಂದೆ ಹೋಗುತ್ತದೆ. ಆದರೆ ದ್ರಾವಣವೇ ತುಂಬಾ ಗಟ್ಟಿಯಾದರೆ ನೀರು ಒಳಗೆ ಹೋಗುವ ಬದಲು ಕರುಳಿನಲ್ಲೇ ಉಳಿಯುತ್ತದೆ. ಪ್ರಯೋಗಗಳಲ್ಲಿ ಇಂಥ ತೆಳು ದ್ರಾವಣ ಕೊಟ್ಟಾಗ ಭೇದಿಯಾದ ಮಕ್ಕಳಿಗೆ ಡ್ರಿಪ್ ಹಾಕಬೇಕಾದ ಸಂದರ್ಭ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು, ವಾಂತಿಯೂ ತಗ್ಗಿತು.

90 ಅನ್ನು ಅಳಿಸಬೇಕೇ? ಬೇಡ ಎಂದು ನಿರ್ಧರಿಸಿದೆವು. ಇಸವಿ ಸೇರಿಸಿ ಇತಿಹಾಸದ ಭಾಗಕ್ಕೆ ಕಳಿಸಿದೆವು. ಇಲ್ಲದಿದ್ದರೆ ಹಳೇ ಪುಸ್ತಕ ಹಿಡಿದ ಇನ್ಯಾರೋ ಬಂದು ಮತ್ತೆ "ತಿದ್ದುತ್ತಾರೆ".

ಇತಿಹಾಸದ ಭಾಗ ಓದಲು ಚೆನ್ನಾಗಿತ್ತು. ಅದೇ ತೊಂದರೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಸಲೈನ್ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನೊಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ನೀರಿಗೆ ಬೆರೆಸಿ, ಮನೆಯವರ ಕೈಯಲ್ಲೇ ರೋಗಿಗಳಿಗೆ ಕುಡಿಸಿದರು. 30 ಪರ್ಸೆಂಟ್‌ನಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಬಂತು. ಕರಡಿನಲ್ಲಿ ಇದರ ಸುತ್ತ 'ಮಹಾನ್', 'ಪವಾಡ' ಎಲ್ಲ ಇದ್ದವು. ಕಿತ್ತು ಹಾಕಿದೆವು. ಆ ಎರಡು ಸಂಖ್ಯೆಗಳ ಮುಂದೆ ಅವುಗಳ ಅಗತ್ಯವೇ ಇರಲಿಲ್ಲ. ಅದಕ್ಕೂ ಮೊದಲು, 1968ರಲ್ಲಿ, ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಬಾಯಿಯ ಮೂಲಕವೇ ಕಾಲರಾ ರೋಗಿಗಳಿಗೆ ನೀರು ತುಂಬಬಹುದು ಎಂದು ತೋರಿಸಿದ್ದರು. ಅದು ಕರಡಿನಲ್ಲಿ ಬಿಟ್ಟೇ ಹೋಗಿತ್ತು. ಓಆರ್‌ಎಸ್ ಉಳಿಸಿದ ಜೀವಗಳೆಷ್ಟು ಅನ್ನುವುದಕ್ಕೆ ಒಂದು ಕಡೆ 5 ಕೋಟಿ, ಇನ್ನೊಂದು ಕಡೆ 7 ಕೋಟಿ. ಇದು ಅಂದಾಜು, ಇಂಥವರು ಹೇಳಿದ್ದು ಎಂದು ಬರೆಸಿದೆವು.

ಜಗಳ ಜೋರಾಗಿದ್ದು ಮನೆಯಲ್ಲಿ ಮಾಡುವ ದ್ರಾವಣದ ಬಗ್ಗೆ. "ಕೈ ತೊಳೆದುಕೊಳ್ಳಿ, 1 ಲೀಟರ್ ಶುದ್ಧ ನೀರು ತೆಗೆದುಕೊಳ್ಳಿ" ಎಂದು ಹಂತ ಹಂತವಾಗಿ ಬರೆದು ಲೇಖನಕ್ಕೆ ಸೇರಿಸಿದ್ದರು. ಸ್ವಲ್ಪ ಹೊತ್ತಿನಲ್ಲೇ ವಿಕಿಪೀಡಿಯದ ಯಾರೋ ಸ್ವಯಂಸೇವಕರು ಅದನ್ನು ತೆಗೆದುಹಾಕಿದರು. ವಿಶ್ವಕೋಶ ಕೈಪಿಡಿ ಅಲ್ಲ ಅನ್ನುವುದು ಅವರ ಕಾರಣ. ಕ್ಲಾಸಿಗೆ ಸಿಟ್ಟು ಬಂತು. ಮಗುವಿಗೆ ಭೇದಿಯಾಗುತ್ತಿರುವಾಗ ಓದುವ ತಾಯಿಗೆ ಬೇಕಾಗಿರುವುದೇ ಅದು, ಅಲ್ವಾ?

ಲೇಖನದ ಜೊತೆಗೇ ಇರುವ ಚರ್ಚೆಪುಟದಲ್ಲಿ ಅವರನ್ನೇ ಕೇಳಿದೆವು. ಅವರು ತಾಳ್ಮೆಯಿಂದ ಉತ್ತರಿಸಿದರು. ಈ ಪುಟವನ್ನು ಯಾರು ಬೇಕಾದರೂ ತಿದ್ದಬಹುದು. ಅರ್ಧ ಚಮಚ ಉಪ್ಪು ಎಂದಿರುವುದನ್ನು ಯಾರೋ ಕಿಡಿಗೇಡಿ ಎರಡು ಎಂದು ಬದಲಿಸಿದ ಎಂದುಕೊಳ್ಳಿ. ಅದು ಇನ್ನೊಬ್ಬರ ಕಣ್ಣಿಗೆ ಬೀಳುವವರೆಗೆ ಎಷ್ಟು ಜನ ಓದಿರುತ್ತಾರೆ? ಔಷಧಿಗಳ ಡೋಸ್ ಅನ್ನು ಸಾಮಾನ್ಯವಾಗಿ ಅಲ್ಲಿ ಬರೆಯದಿರುವುದೂ ಇದಕ್ಕೇ.

ವಾದ ಸರಿಯೇ. ಆದರೂ ನಾನು ಈಗಲೂ ಅರ್ಧ ಆ ತಾಯಿಯ ಪರ. ಕೊನೆಗೆ ಮಧ್ಯದ ದಾರಿ ಸಿಕ್ಕಿತು. 'ಹೀಗೆ ಮಾಡಿ' ಅನ್ನುವುದು ಹೋಯಿತು. ಪ್ಯಾಕೆಟ್ ಸಿಗದಿದ್ದಾಗ ಬಳಸುವ ದ್ರಾವಣದಲ್ಲಿ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಇರುತ್ತದೆ ಎಂಬ ವಿವರಣೆ ಬಂತು. ಜೊತೆಗೆ ಅಳತೆ ತಪ್ಪಿದರೆ ಏನಾಗುತ್ತದೆ ಅನ್ನುವುದೂ ಬಂತು. ಉಪ್ಪು ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಏರಬಹುದು, ಸಕ್ಕರೆ ಹೆಚ್ಚಾದರೆ ಭೇದಿ ಜೋರಾಗಬಹುದು. ಉಲ್ಲೇಖ ಗಟ್ಟಿಯಾಗಿತ್ತು, ಈ ಸಲ ಯಾರೂ ತೆಗೆಯಲಿಲ್ಲ.

ಎಲ್ಲ ಮುಗಿಯಿತು ಎಂದುಕೊಳ್ಳುವಾಗ ಮೇಡಂ ಇನ್ನೊಂದು ಕೆಲಸ ಹೇಳಿದರು. ಮೊದಲ ಪ್ಯಾರಾವನ್ನು ಮೆಡಿಕಲ್ ಓದದ ಒಬ್ಬರಿಗೆ ಓದಿಸಬೇಕು. ಬೇರೆ ಭಾಷೆಗಳಿಗೆ ಅನುವಾದ ಮಾಡುವವರು ಎಷ್ಟೋ ಸಲ ಆ ಭಾಗವನ್ನಷ್ಟೇ ಎತ್ತಿಕೊಳ್ಳುತ್ತಾರಂತೆ. ನನ್ನ ಅಕ್ಕನಿಗೆ ಕಳಿಸಿದೆ. ಅವಳು ಅಕೌಂಟ್ಸ್ ಕೆಲಸದವಳು. ಒಂದೇ ಪ್ರಶ್ನೆ ಕೇಳಿದಳು: "ಕುಡಿಸಿದ ತಕ್ಷಣ ಮಗು ವಾಂತಿ ಮಾಡಿದ್ರೆ? ನಿಲ್ಲಿಸ್ಬೇಕಾ?"

ಇಷ್ಟು ಜನ ಇಷ್ಟು ಹೊತ್ತು ಕೆದಕಿದರೂ ಆ ಪ್ರಶ್ನೆ ಯಾರ ತಲೆಗೂ ಬಂದಿರಲಿಲ್ಲ. ಮಾರ್ಗಸೂಚಿಯಲ್ಲಿ ಉತ್ತರ ಇತ್ತು. ನಿಲ್ಲಿಸಬೇಕಿಲ್ಲ, 5ರಿಂದ 10 ನಿಮಿಷ ಕಾದು ಮತ್ತೆ ನಿಧಾನವಾಗಿ ಸ್ವಲ್ಪ ಸ್ವಲ್ಪ ಕುಡಿಸುವುದು. ಆ ಸಾಲು ಮೇಲೆ ಬಂತು. ಅದಕ್ಕೆ ಜಾಗ ಮಾಡಲು, ಕರುಳಿನ ಆ ಬಾಗಿಲಿನ ಪ್ರೋಟೀನ್ ಎಸ್‌ಜಿಎಲ್‌ಟಿ1 ಬಗ್ಗೆ ನಮ್ಮ ಗೆಳೆಯ ಆಸೆಯಿಂದ ಬರೆದಿದ್ದ ವಾಕ್ಯ ಕೆಳಗೆ ಹೋಯಿತು. ಅವನ ಮುಖ ಮತ್ತೆ ಊದಿತು.