ಕವರ್ ಮೇಲೆ ಪೆನ್ಸಿಲ್‌ನಲ್ಲಿ ಬರೆದ 45

ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದಾಗ ನಾನು ಆಗಷ್ಟೇ ಅನ್ನಕ್ಕೆ ಇಟ್ಟಿದ್ದೆ. ಅವರ ಹಿಂದೆ ಮೊಮ್ಮಗಳು ನಿಂತಿದ್ದಳು. ಅವಳ ಕೈಯಲ್ಲಿ ಹಾಲು ಸಾಗಿಸುವಂಥ ಪ್ಲಾಸ್ಟಿಕ್ ಕ್ರೇಟು, ಅದರ ತುಂಬ ಸಾಲ್ಸಾದ, ಅಂದರೆ ಲ್ಯಾಟಿನ್ ಕುಣಿತದ ಸಂಗೀತದ, ಹಳೇ ಎಲ್‌ಪಿ ರೆಕಾರ್ಡುಗಳು.

"ಶನಿವಾರ ನನಗೆ ಎಪ್ಪತ್ತು ತುಂಬುತ್ತೆ. ಯಾವಾಗಲೂ ಹಾಡು ಹಾಕೋ ಹುಡುಗ ಊರಲ್ಲಿಲ್ಲ. ನೀನೇ ಹಾಕ್ಬೇಕು, ಮಿಹೋ" ಎಂದರು. ಮಿಹೋ ಅಂದರೆ ಸ್ಪ್ಯಾನಿಷ್‌ನಲ್ಲಿ ‘ನನ್ನ ಮಗನೇ’ ಅಂತ. ಹಾಗೆ ಕರೆದ ಮೇಲೆ ಇಲ್ಲ ಅನ್ನೋಕೆ ಆಗುತ್ತಾ?

ನಾವಿರುವುದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ಜಾಕ್ಸನ್ ಹೈಟ್ಸ್ ಎಂಬ ಜಾಗದಲ್ಲಿ. 74ನೇ ಬೀದಿಯಲ್ಲಿ ನಮ್ಮವರ ಅಂಗಡಿಗಳು. ಸೀರೆ, ಬಂಗಾರ, ಕರಿಬೇವು, ತೊಗರಿಬೇಳೆ ಎಲ್ಲ ಸಿಗುತ್ತೆ. ತಲೆ ಮೇಲೆ ಓಡುವ 7 ನಂಬರಿನ ರೈಲಿನ ಕೆಳಗೆ, ರೂಸ್‌ವೆಲ್ಟ್ ಅವೆನ್ಯೂ ಹಿಡಿದು ಎಂಟು ಬೀದಿ ನಡೆದರೆ ಸಾಕು, ಅರೇಪಾ ಎಂಬ ಜೋಳದ ರೊಟ್ಟಿ ಸುಡುವ ವಾಸನೆ ಬರುತ್ತೆ. ಅದು ಕೊಲಂಬಿಯಾದವರು ಹೆಚ್ಚಾಗಿರುವ ಕಡೆ. ಅಜ್ಜಿಯೂ ಅಲ್ಲಿಯವರೇ, ಕಾಲಿ ಎಂಬ ಊರಿನವರು. ನಾನು ಅವರನ್ನು ದೋನ್ಯಾ ಎನ್ನುತ್ತೇನೆ. ನಮ್ಮಲ್ಲಿ ದೊಡ್ಡವರನ್ನು ‘ಅಮ್ಮಾ’ ಎಂದು ಕರೆಯುತ್ತೇವಲ್ಲ, ಹಾಗೆ.

ಡಿಜೆ ಕೆಲಸ ನನಗೆ ಹೊಸದಲ್ಲ. ಕನ್ನಡ ಸಂಘದ ರಾಜ್ಯೋತ್ಸವ, ಗೆಳೆಯರ ಮದುವೆ ಅಂತ ಹತ್ತು ವರ್ಷದಿಂದ ಹಾಡು ಹಾಕುತ್ತಾ ಬಂದಿದ್ದೇನೆ. ಎರಡು ಹಾಡುಗಳ ವೇಗ ಸರಿಮಾಡಿ, ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಯಾರಿಗೂ ಗೊತ್ತಾಗದಂತೆ ಸೇರಿಸುವುದೇ ಕಲೆ ಅಂದುಕೊಂಡಿದ್ದೆ.

ಆ ವಾರ ಆಫೀಸು ಮುಗಿದ ಮೇಲೆ ದಿನಾ ರಾತ್ರಿ ಕ್ರೇಟಿನ ಮುಂದೆ ಕೂತೆ. ಮೊದಲು ತೆಗೆದದ್ದು ‘ಸೇಲಿಯಾ ಅಂಡ್ ಜಾನಿ’, 1974ರದ್ದು. ಕ್ಯೂಬಾ ಬಿಟ್ಟುಬಂದ ಸೇಲಿಯಾ ಕ್ರೂಸ್ ಅವರ ದನಿ, ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಹುಟ್ಟಿದ ಜಾನಿ ಪಚೇಕೋ ಅವರ ವಾದ್ಯವೃಂದ. 1964ರಲ್ಲಿ ಪಚೇಕೋ ಮತ್ತು ವಕೀಲ ಜೆರ್ರಿ ಮಸೂಚಿ ಇದೇ ನ್ಯೂಯಾರ್ಕಿನಲ್ಲಿ ಫಾನಿಯಾ ಎಂಬ ರೆಕಾರ್ಡ್ ಕಂಪನಿ ಶುರು ಮಾಡಿದಾಗ ಕಾರಿನ ಡಿಕ್ಕಿಯಲ್ಲಿ ರೆಕಾರ್ಡು ತುಂಬಿಕೊಂಡು ಹೋಗಿ ಮಾರುತ್ತಿದ್ದರಂತೆ. ಆಲ್ಬಂನ ಮೊದಲ ಹಾಡು ‘ಕಿಂಬಾರಾ’. ಸೂಜಿ ಇಟ್ಟ ತಕ್ಷಣ ನನ್ನ ಭುಜ ತಾನಾಗೇ ಅಲುಗಿತು.

ಪಿಯಾನೋ ನುಡಿಸುವ ಎಡಿ ಪಾಲ್ಮಿಯೇರಿ ಅವರ 1965ರ ‘ಅಸೂಕಾರ್ ಪಾ ತಿ’ ಇನ್ನೂ ಬೇರೆ ಥರ. ಅದರ ‘ಅಸೂಕಾರ್’ ಹಾಡು ಒಂಬತ್ತು ನಿಮಿಷ ದಾಟುತ್ತೆ. ಪಿಯಾನೋದಲ್ಲಿ ಎಡಗೈ ಒಂದೇ ಸಾಲನ್ನು ಬಿಡದೆ ಹಿಡಿದಿರುತ್ತೆ, ಬಲಗೈ ಅದರ ಮೇಲೆ ಎಲ್ಲೆಲ್ಲೋ ಅಲೆದು ಬರುತ್ತೆ. ಜೊತೆಗೆ ಟ್ರೊಂಬೋನ್ ಎಂಬ ಹಿತ್ತಾಳೆ ಕೊಳವೆ ವಾದ್ಯಗಳ ಒರಟು ಗಂಟಲು. ಒಂಬತ್ತು ನಿಮಿಷ ಕಳೆದದ್ದೇ ಗೊತ್ತಾಗಲಿಲ್ಲ. ಈ ಕ್ರೇಟಿನಲ್ಲಿ ಒಂದೇ ಒಂದನ್ನು ಇಟ್ಟುಕೋ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ಅಮ್ಮ ಶಿವಮೊಗ್ಗದಿಂದ ಫೋನ್ ಮಾಡಿದಾಗಲೂ ಅದೇ ಓಡುತ್ತಿತ್ತು. ಈ ಸಂಗೀತದ ಬೆನ್ನೆಲುಬು ಕ್ಲಾವೆ. ಎರಡು ಮರದ ಕಡ್ಡಿ ತಾಗಿಸಿ ಹೊಡೆಯುವ ಐದು ಪೆಟ್ಟು. ಎಂಟು ಎಣಿಕೆಯಲ್ಲಿ ಮೊದಲ ನಾಲ್ಕಕ್ಕೆ ಮೂರು ಪೆಟ್ಟು, ಉಳಿದ ನಾಲ್ಕಕ್ಕೆ ಎರಡು. ಕೆಲವು ಹಾಡಿನಲ್ಲಿ ಎರಡು ಮೊದಲು, ಮೂರು ಆಮೇಲೆ. ಅಮ್ಮನಿಗೆ ಬಾಯಲ್ಲೇ ಹೇಳಿ ತೋರಿಸಿದೆ. ತೊಡೆ ತಟ್ಟುವ ಸದ್ದು ಫೋನಿನಲ್ಲಿ ಕೇಳಿಸಿತು. "ಎಂಟಕ್ಕೆ ಸರಿಯಾಗಿ ಬರುತ್ತಲ್ಲೋ! ನಮ್ಮ ಆದಿತಾಳದೊಳಗೇ ಕೂರುತ್ತೆ" ಎಂದರು. ಅಮ್ಮನಿಗೆ ಒಂದೇ ನಿಮಿಷದಲ್ಲಿ ಸಿಕ್ಕಿದ್ದು ನನಗೆ ಸಿಕ್ಕಿದ್ದು ಶನಿವಾರ ರಾತ್ರಿ, ಅದೂ ಎಡವಿದ ಮೇಲೆ.

ಒಂದು ವಿಷಯ ಮಾತ್ರ ಅರ್ಥವಾಗಿರಲಿಲ್ಲ. ಮೂರ್ನಾಲ್ಕು ಕವರ್‌ಗಳ ಮೂಲೆಯಲ್ಲಿ ಪೆನ್ಸಿಲ್‌ನಿಂದ 45 ಅಂತ ಬರೆದಿತ್ತು. ಬೆಲೆ ಇರಬೇಕು ಅಂದುಕೊಂಡು ಸುಮ್ಮನಾದೆ.

ಶನಿವಾರ ಹೊರಗೆ ವಿಪರೀತ ಚಳಿ. ಚರ್ಚಿನ ಕೆಳಗಿನ ಹಾಲ್‌ನಲ್ಲಿ ನೂರು ಜನ. ಕೋಟು ಕಳಚಿದರೆ ಒಳಗೆ ಮಿರಿಮಿರಿ ಮಿಂಚುವ ಬಟ್ಟೆ. ಎಂಬತ್ತು ದಾಟಿದವರೂ ಡ್ಯಾನ್ಸ್ ಶೂ ಹಾಕಿಕೊಂಡು ಬಂದಿದ್ದರು. ಎರಡು ಟರ್ನ್‌ಟೇಬಲ್, ಒಂದು ಲ್ಯಾಪ್‌ಟಾಪ್ ಜೋಡಿಸಿಕೊಂಡು ನಿಂತೆ. ‘ಕಿಂಬಾರಾ’ ಹಾಕಿದೆ. ಕುರ್ಚಿಗಳೆಲ್ಲ ಖಾಲಿ!

ಅಲ್ಲಿಗೆ ನನಗೆ ಧೈರ್ಯ ಜಾಸ್ತಿಯಾಯಿತು. ಮುಂದಿನ ಹಾಡಿನ ವೇಗವನ್ನು ಹೆಡ್‌ಫೋನ್‌ನಲ್ಲಿ ಸರಿಮಾಡಿಕೊಂಡು, ಇದು ಓಡುತ್ತಿರುವಾಗಲೇ ಅದನ್ನು ನಿಧಾನಕ್ಕೆ ಒಳಗೆ ಬಿಟ್ಟೆ. ಬೀಟ್ ಮೇಲೆ ಬೀಟ್ ಸರಿಯಾಗಿ ಕೂತಿತ್ತು. ಆದರೂ ಏನೋ ಕೆಟ್ಟಿತು. ಕುಣಿಯುತ್ತಿದ್ದವರ ಕಾಲು ತಡವರಿಸಿದವು. ನನ್ನ ಮೇಜಿನ ಹತ್ತಿರವೇ ಕುಣಿಯುತ್ತಿದ್ದ ವಯಸ್ಸಾದ ಗಂಡ ಹೆಂಡತಿ ಕೈ ಬಿಟ್ಟು ನಿಂತರು. ನನ್ನ ಹೊಟ್ಟೆಯೊಳಗೆ ಕಲ್ಲು ಹಾಕಿದಂತಾಯಿತು.

ಅಜ್ಜಿ ಬಂದರು. ಬೈಯಲಿಲ್ಲ. ಕೇಕಿನ ತಟ್ಟೆಯ ಚಮಚ ತಗೊಂಡು ಮೇಜಿನ ಅಂಚಿಗೆ ಹೊಡೆದು ತೋರಿಸಿದರು. "ಆ ಹಾಡು ಮೂರರ ಕಡೆ ಇತ್ತು. ನೀನು ಅದರ ಮೇಲೆ ಇನ್ನೊಂದು ಹಾಡಿನ ಎರಡನ್ನು ಕೂರಿಸಿದೆ. ಇದಕ್ಕೆ ಕ್ರುಸಾದೋ ಅಂತೀವಿ. ಕಿವಿಗೆ ಗೊತ್ತಾಗದಿದ್ರೂ ಕಾಲಿಗೆ ಗೊತ್ತಾಗುತ್ತೆ." ಆಮೇಲೆ ಇನ್ನೂ ಒಂದು ಮಾತು ಹೇಳಿದರು. "ಹಾಡು ಮುಗಿಯೋಕೆ ಬಿಡು. ಹಾಡಿದವರು ಅದನ್ನ ಚೆಂದವಾಗಿ ಮುಗಿಸಿದ್ದಾರೆ, ಅಲ್ವಾ?"

ನಿಜವಾಗಿ ನೋಡಿದರೆ ಈ ರೆಕಾರ್ಡುಗಳಲ್ಲಿ ಬಲವಂತವಾಗಿ ಸೇರಿಸುವ ಅಗತ್ಯವೇ ಕಡಿಮೆ. ಯಂತ್ರದ ತಾಳ ಇಟ್ಟುಕೊಂಡು ನುಡಿಸಿದವಲ್ಲ ಇವು. ಹತ್ತು ಹನ್ನೆರಡು ಜನ ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸಿದ್ದು. ಬಿಸಿ ಏರಿದಂತೆ ವೇಗವೂ ಒಂದಿಷ್ಟು ಏರುತ್ತೆ. ಲ್ಯಾಪ್‌ಟಾಪಿನ ಸಾಫ್ಟ್‌ವೇರ್ ಹಾಕಿಕೊಟ್ಟ ತಾಳದ ಗೆರೆ ಎರಡು ನಿಮಿಷದಲ್ಲೇ ತಪ್ಪುತ್ತೆ. ಜೋಡಿಗಳಿಗೂ ಹಾಡಿನ ಕೊನೆ ಬೇಕು. ಕೊನೆಯ ಪೆಟ್ಟಿಗೆ ಒಂದು ತಿರುಗು ತಿರುಗಿ ನಿಲ್ಲಬೇಕು, ನಗಬೇಕು, ಇನ್ನೊಬ್ಬರ ಕೈ ಹಿಡಿಯಬೇಕು. ನಾನು ಅದನ್ನೇ ಕಿತ್ತುಕೊಳ್ಳುತ್ತಿದ್ದೆ.

ಆಮೇಲೆ ನನ್ನ ಕೆಲಸ ಬದಲಾಯಿತು. ಮುಗಿದ ಹಾಡಿಗೂ ಬರುವ ಹಾಡಿಗೂ ನಡುವೆ ಎಷ್ಟು ಉಸಿರು ಬಿಡಬೇಕು, ಯಾವುದರ ಹಿಂದೆ ಯಾವುದು ಬರಬೇಕು ಅನ್ನುವುದನ್ನಷ್ಟೇ ನೋಡಿದೆ. ಒಂದೆರಡು ಕಡೆ ಆಲ್ಬಂಗಳೇ ಬಾಗಿಲು ತೆರೆದುಕೊಟ್ಟವು. ವಿಲ್ಲಿ ಕೊಲೋನ್ ಮತ್ತು ರುಬೆನ್ ಬ್ಲೇಡ್ಸ್ ಅವರ 1978ರ ‘ಸಿಯೆಂಬ್ರಾ’ ಇದೆಯಲ್ಲ, ಅದರ ಮೊದಲ ಹಾಡು ‘ಪ್ಲಾಸ್ತಿಕೋ’ ಶುರುವಾಗುವುದೇ ಡಿಸ್ಕೊದಂತೆ. ಕೇಳಿದವರು ಡಿಸ್ಕೊ ಹಾಡೇ ಅಂದುಕೊಳ್ಳಬೇಕು, ಅಷ್ಟರಲ್ಲಿ ಸಾಲ್ಸಾಗೆ ತಿರುಗುತ್ತೆ. ನಾನು ಒಂದು ಹಳೇ ಡಿಸ್ಕೊ ಹಾಡನ್ನು ಅದರ ಮುಂದೆ ಇಟ್ಟೆ. ಇಲ್ಲಿ ಮಾತ್ರ ಬೀಟ್ ಮೇಲೆ ಬೀಟ್ ಕೂರಿಸಿದ್ದು ಫಲ ಕೊಟ್ಟಿತು. ತಿರುವು ಬಂದಾಗ ಹಾಲ್‌ನಲ್ಲಿ ಎದ್ದ ಕೂಗು ಇನ್ನೂ ಕಿವಿಯಲ್ಲಿದೆ.

ಹುಡುಗ ಹುಡುಗಿಯರು ಗೋಡೆ ಹಿಡಿದು ಫೋನ್ ನೋಡುತ್ತಿದ್ದರು. ಮೊಮ್ಮಗಳು ಬಂದು ಕಾರ್ಡಿ ಬಿ ಅವರ 2018ರ ‘ಐ ಲೈಕ್ ಇಟ್’ ಕೇಳಿದಳು. ಹಾಕಿದೆ. ಅದು ಕಟ್ಟಿಕೊಂಡಿರುವುದೇ ಪೀಟ್ ರೊಡ್ರಿಗಸ್ ಅವರ 1967ರ ‘ಐ ಲೈಕ್ ಇಟ್ ಲೈಕ್ ದಟ್’ ಮೇಲೆ. ಅದು ಬೂಗಲೂ ಹಾಡು, ಅಂದರೆ ನ್ಯೂಯಾರ್ಕಿನ ಲ್ಯಾಟಿನ್ ಹುಡುಗರು ಕಪ್ಪು ಜನರ ಸೋಲ್ ಸಂಗೀತವನ್ನು ತಮ್ಮದರ ಜೊತೆ ಬೆರೆಸಿ ಮಾಡಿದ್ದು. ಆ ಎಲ್‌ಪಿ ಕ್ರೇಟಿನಲ್ಲೇ ಇತ್ತು. ಹೊಸದು ಮುಗಿದ ಕೂಡಲೇ ಹಳೆಯದು ಬಂತು. ಮೊಮ್ಮಗಳು ಬಾಯಿ ತೆರೆದು ನನ್ನ ಕಡೆ ನೋಡಿದಳು. ಆಮೇಲೆ ಓಡಿಹೋಗಿ ಅಜ್ಜಿಯ ಕೈ ಹಿಡಿದು ಎಳೆದಳು.

ಆ ಹಾಡು ಮುಗಿದಾಗ ಅಜ್ಜಿ ಏದುಸಿರು ಬಿಡುತ್ತಾ ಮೇಜಿನ ಹತ್ತಿರ ಬಂದು ಕವರ್‌ನ ಮೂಲೆ ತೋರಿಸಿದರು. ಪೆನ್ಸಿಲ್‌ನ 45. "ಈಗ ನಮ್ಮೂರಿನವರಿಗೆ. ಹಿಂದಿನ ಬದಿ ಹಾಕು, 45ಕ್ಕೆ ತಿರುಗಿಸು."

ಎಲ್‌ಪಿ ಓಡಬೇಕಾದದ್ದು ನಿಮಿಷಕ್ಕೆ 33 ಸುತ್ತು. ಆದರೆ ಅರವತ್ತರ ದಶಕದಲ್ಲಿ ನ್ಯೂಯಾರ್ಕಿನ ರೆಕಾರ್ಡುಗಳು ಕೊಲಂಬಿಯಾದ ಬ್ವೆನಾವೆಂತೂರಾ ಬಂದರಿನಲ್ಲಿ ಇಳಿದು ಕಾಲಿ ಊರು ಸೇರಿದಾಗ ಅಲ್ಲಿನ ಕುಣಿತದವರಿಗೆ ಬೂಗಲೂ ಬಹಳ ನಿಧಾನ ಅನ್ನಿಸಿತಂತೆ. ಹಾಡು ಹಾಕುವವರು 45ಕ್ಕೆ ತಿರುಗಿಸಿಬಿಟ್ಟರು. ನಾಲ್ಕೂವರೆ ನಿಮಿಷದ ಹಾಡು 3 ನಿಮಿಷ 20 ಸೆಕೆಂಡಿಗೆ ಮುಗಿಯುತ್ತೆ. ಕಾಲಿಯ ಸಾಲ್ಸಾದಲ್ಲಿ ಇವತ್ತಿಗೂ ಕಾಲು ಅಷ್ಟು ಚುರುಕಾಗಿ ಓಡುವುದಕ್ಕೆ ಇದೂ ಒಂದು ಕಾರಣ ಅನ್ನುತ್ತಾರೆ.

ಗುಂಡಿ ಒತ್ತಿದೆ. ಗಾಯಕರ ದನಿ ಚಿಕ್ಕ ಮಕ್ಕಳ ದನಿಯಂತೆ ಏರಿತು. ಕುರ್ಚಿಯಲ್ಲಿ ಕೂತಿದ್ದ ಹಿರಿಯರು ಒಬ್ಬೊಬ್ಬರೇ ಎದ್ದರು. ಸೊಂಟ ನೇರ, ಮುಖದಲ್ಲಿ ಗಾಂಭೀರ್ಯ, ಮಂಡಿಯಿಂದ ಕೆಳಗೆ ಮಾತ್ರ ಮಿಂಚು. ಕೋಲು ಹಿಡಿದು ಬಂದಿದ್ದ ಒಬ್ಬ ತಾತ ಕೋಲನ್ನು ನನ್ನ ಕೈಗೆ ಕೊಟ್ಟು ಹೋದರು. ಹಾಡು ಮುಗಿಯುವವರೆಗೂ ಅದನ್ನು ಹಿಡಿದುಕೊಂಡೇ ನಿಂತಿದ್ದೆ. ಕಣ್ಣು ತುಂಬಿ ಬಂತು.

ಕೊನೆಗೆ ಗಾಯಕ ಎಕ್ತೋರ್ ಲಾವೋ ಅವರ 1978ರ ‘ಕೊಮೇದಿಯಾ’ ಆಲ್ಬಂನಿಂದ ‘ಎಲ್ ಕಾಂತಾಂತೆ’. ರುಬೆನ್ ಬ್ಲೇಡ್ಸ್ ಬರೆದದ್ದು, ಆದರೆ ಲಾವೋ ಬಾಯಲ್ಲಿ ಅವರದ್ದೇ ಬದುಕಿನ ಕಥೆಯಾಯಿತು. ಜನರನ್ನು ರಂಜಿಸುವ ಹಾಡುಗಾರನ ನೋವನ್ನು ಯಾರೂ ಕೇಳುವುದಿಲ್ಲ ಎನ್ನುವ ಹಾಡು. ಹತ್ತು ನಿಮಿಷ ಉದ್ದ. ಅಜ್ಜಿ ನನ್ನನ್ನು ಮೇಜಿನ ಹಿಂದಿನಿಂದ ಹೊರಗೆಳೆದರು. ಅವರ ಹೆಬ್ಬೆರಳು ನನ್ನ ಅಂಗೈ ಮೇಲೆ ಇಡೀ ಹಾಡು ಕ್ಲಾವೆ ಬಡಿಯುತ್ತಿತ್ತು.

ಭಾನುವಾರ ಬೆಳಗ್ಗೆ ಅಮ್ಮನಿಗೆ ಫೋನ್ ಮಾಡಿ ಆ ಬೂಗಲೂ ಮೊದಲು 33ಕ್ಕೆ ಕೇಳಿಸಿದೆ. ಆಮೇಲೆ 45ಕ್ಕೆ. ತೊಡೆ ಮೇಲಿನ ತಾಳ ಓಡಿ ಓಡಿ ಹಿಡಿಯಿತು.

"ಇಷ್ಟು ಜೋರಾಗಿ ಯಾಕೋ?"

"ಅವರೂರಲ್ಲಿ ಹಾಗೇ ಅಮ್ಮ."

"ಹೌದಾ? ಇನ್ನೊಂದ್ಸಲ ಹಾಕು" ಎಂದರು.