ಒಳಹರಿವು, ಹೊರಹರಿವು

ದ್ವಿತೀಯ ಪಿಯುಸಿಯಲ್ಲಿ ಡಿಫರೆನ್ಷಿಯಲ್ ಈಕ್ವೇಷನ್, ಅಂದರೆ ಬದಲಾಗುವ ದರಗಳ ಸಮೀಕರಣದ ಪಾಠ ಶುರುವಾದಾಗ ಹಾಸನದಲ್ಲಿ ಮಳೆ ಹಿಡಿದಿತ್ತು. ಬಿಡಿಸುವುದು ನಮಗೆಲ್ಲ ಬರುತ್ತಿತ್ತು. ಚರಗಳನ್ನು ಬೇರೆ ಮಾಡುವುದು, ಎರಡೂ ಕಡೆ ಇಂಟಿಗ್ರೇಟ್ ಮಾಡುವುದು, ಸ್ಥಿರಾಂಕ ಸೇರಿಸುವುದು. ಸಮೀಕರಣ ಕೊಡದೆ ನಾಲ್ಕು ಸಾಲಿನ ಮಾತು ಕೊಟ್ಟರೆ ಮಾತ್ರ ಪೆನ್ನು ನಿಂತುಬಿಡುತ್ತಿತ್ತು. ಹಳ್ಳಿಯ ಕನ್ನಡ ಮಾಧ್ಯಮದಿಂದ ಬಂದ ನನಗಂತೂ ಆ ಇಂಗ್ಲಿಷ್ ವಾಕ್ಯಗಳನ್ನು ದಾಟುವುದೇ ಕಷ್ಟವಾಗಿತ್ತು.

ಒಂದು ಬೆಳಿಗ್ಗೆ ಸರ್ ಪುಸ್ತಕದ ಬದಲು ಪೇಪರ್ ಹಿಡಿದು ಬಂದರು. ಗೊರೂರಿನ ಹೇಮಾವತಿ ಜಲಾಶಯದ ಅಂಕಿಗಳನ್ನು ಓದಿ, "ನೀರು ಏರ್ತಿದೆಯೋ ಇಳೀತಿದೆಯೋ, ಹೇಗಮ್ಮ ಗೊತ್ತಾಗೋದು?" ಎಂದರು.

"ಬಂದಿದ್ರಲ್ಲಿ ಹೋಗಿದ್ದನ್ನ ಕಳೆದ್ರೆ ಗೊತ್ತಾಗುತ್ತೆ ಸರ್."

"ಅದನ್ನೇ ಬೋರ್ಡ್ ಮೇಲೆ ಬರಿ. ಕನ್ನಡದಲ್ಲೇ ಬರಿ."

ನೀರಿನ ಪ್ರಮಾಣ ಬದಲಾಗುವ ದರ = ಒಳಹರಿವು − ಹೊರಹರಿವು. ಅವರು ಎಡಗಡೆಯ ಮಾತನ್ನಷ್ಟೇ ಅಳಿಸಿ 'ಡಿವಿ ಬೈ ಡಿಟಿ' ಹಾಕಿದರು. ಸಮೀಕರಣ ನಿಂತಿತ್ತು!

ಒಳಹರಿವು 25,000 ಕ್ಯೂಸೆಕ್, ಹೊರಹರಿವು 2,000 ಎಂದಿಟ್ಟುಕೊಂಡೆವು. ಸೆಕೆಂಡಿಗೆ 23,000 ಘನ ಅಡಿ ಉಳಿಯುತ್ತದೆ. ದಿನದ 86,400 ಸೆಕೆಂಡುಗಳಿಂದ ಗುಣಿಸಿದರೆ ಹತ್ತಿರಹತ್ತಿರ 2 ಟಿಎಂಸಿ, ಅಂದರೆ 200 ಕೋಟಿ ಘನ ಅಡಿ. ಸುಮಾರು 37 ಟಿಎಂಸಿ ಹಿಡಿಯುವ ಜಲಾಶಯಕ್ಕೆ ಒಂದೇ ದಿನದಲ್ಲಿ ಅಷ್ಟು ನೀರು! ಪಕ್ಕದ ಬೆಂಚಿನ ಗೆಳತಿ ಬೇಸಿಗೆಯಲ್ಲಿ ಆವಿಯಾಗುವ ನೀರಿನ ಲೆಕ್ಕ ಎಲ್ಲಿ ಎಂದು ಕೇಳಿದಾಗ ಸರ್ ಮುಖ ಅರಳಿತು. ಅದು ಯಾವುದನ್ನು ಅವಲಂಬಿಸಿದೆ ಎಂಬುದೇ ಮುಂದಿನ ಪ್ರಶ್ನೆ. ಬಿಸಿಲಿಗೆ ತೆರೆದ ಮೇಲ್ಮೈಯನ್ನು. ಈ ಜಲಾಶಯದ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಹಳೇ ಚರ್ಚಿನ ಸುತ್ತ ನೀರು ಸರಿದು ನೆಲ ಕಾಣುವುದನ್ನು ನೋಡಿದ್ದ ನಮಗೆ, ಮಟ್ಟ ಇಳಿದಂತೆ ಆ ವಿಸ್ತೀರ್ಣವೂ ಕುಗ್ಗುತ್ತದೆಂದು ಯಾರೂ ಹೇಳಬೇಕಾಗಿರಲಿಲ್ಲ. ವಿಸ್ತೀರ್ಣಕ್ಕೊಂದು ಸ್ಥಿರಾಂಕ ಗುಣಿಸಿ, ಅದನ್ನೂ ಕಳೆದೆವು.

ಆದರೂ ಕಿರುಪರೀಕ್ಷೆಯಲ್ಲಿ ಕಾಫಿಯ ಲೆಕ್ಕ ತಪ್ಪಿದೆ. 80 ಡಿಗ್ರಿಯ ಕಾಫಿ, 20 ಡಿಗ್ರಿಯ ಕೋಣೆ, ಐದು ನಿಮಿಷಕ್ಕೆ 50 ಡಿಗ್ರಿ. ಹತ್ತನೇ ನಿಮಿಷಕ್ಕೆ ಎಷ್ಟು? ತಣಿಯುವ ದರ ಕಾಫಿಯ ಉಷ್ಣತೆಗೆ ಅನುಪಾತದಲ್ಲಿದೆ ಎಂದು ಬರೆದಿದ್ದೆ. ಸರ್ ಅಂಚಿನಲ್ಲಿ ಕೇಳಿದ್ದರು: "ನಿನ್ನ ಕಾಫಿ ಎಲ್ಲಿಗೆ ಹೋಗಿ ನಿಲ್ಲುತ್ತದೆ?"

ನೋಡಿದರೆ, ಸೊನ್ನೆಯತ್ತ ಇಳಿಯುತ್ತಿತ್ತು. ಕೋಣೆಯನ್ನೇ ಮರೆತಿದ್ದೆ. ನ್ಯೂಟನ್ನನ ನಿಯಮದ ಪ್ರಕಾರ ತಣಿಯುವ ದರ ಅನುಪಾತದಲ್ಲಿರುವುದು ಕಾಫಿಗೂ ಕೋಣೆಗೂ ನಡುವಿನ ಉಷ್ಣತೆಯ ವ್ಯತ್ಯಾಸಕ್ಕೆ. ಆ ವ್ಯತ್ಯಾಸ ಐದು ನಿಮಿಷದಲ್ಲಿ 60ರಿಂದ 30ಕ್ಕೆ ಬಂದರೆ, ಇನ್ನೈದರಲ್ಲಿ 15. ಕಾಫಿ 35 ಡಿಗ್ರಿ. ಮೇಲುಗಡೆ ಕನ್ನಡದಲ್ಲಿ ಒಂದು ಸಾಲು ಬರೆದು, ಎರಡು ಪುಟ ಲೆಕ್ಕ ಮಾಡಿ ಸ್ಟಾಫ್ ರೂಮಿಗೆ ಒಯ್ದೆ. ಸರ್ ಆ ಮೊದಲ ಸಾಲನ್ನಷ್ಟೇ ಓದಿ, ಉತ್ತರದ ಕಡೆ ಕಣ್ಣೂ ಹಾಯಿಸದೆ ಸಹಿ ಹಾಕಿ ಕೊಟ್ಟರು.